ಚೀಟಿ ಇಲ್ಲದ ಬಾಟಲಿ

ನನ್ನ ಮೊಮ್ಮಗಳ ಮೂಗಿನ ನಳಿಗೆಯನ್ನು ಇವತ್ತು ತೆಗೆದರು. ಗಂಟಲಿನ ಗಾಯ ಮಾಯ್ದಿದೆ, ಇನ್ನು ಬಾಯಿಂದಲೇ ಉಣ್ಣಬಹುದು ಎಂದು ಡಾಕ್ಟರು ಹೇಳಿದರು. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ. ಆಸ್ಪತ್ರೆಯಿಂದ ನಿಗಡಿ ಬಡಾವಣೆಯ ನಮ್ಮ ಮನೆ ಮುಟ್ಟುವವರೆಗೆ ರಿಕ್ಷಾದವನಿಗೆ, ಪೇಢೆ ಅಂಗಡಿಯವನಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಮರಾಠಿಯಲ್ಲಿ ಹೇಳಿದ್ದೇ ಹೇಳಿದ್ದು. ಹೇಳಿದ್ದು ಬಾಯಿ ಮಾತ್ರ. ಒಳಗೆ ಮೂರು ವಾರದಿಂದ ಹಿಡಿದಿದ್ದ ಜೋಮು ಇನ್ನೂ ಬಿಟ್ಟಿರಲಿಲ್ಲ.

ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ರಾಸಾಯನಿಕ ತುಂಬುವ ಕಾರಖಾನೆಯಲ್ಲಿ ಹತ್ತೊಂಬತ್ತು ವರ್ಷ ಡಬ್ಬಿಗಳಿಗೆ ಚೀಟಿ ಹಚ್ಚಿದೆ. ಅಕ್ಷರ ಬೇಕಿರಲಿಲ್ಲ, ಕೆಂಪು ಅಂಚಿನ ಚೌಕದೊಳಗಿನ ಚಿತ್ರ ಸಾಕು. ಬೆಂಕಿ ಇದ್ದರೆ ಹೊತ್ತಿಕೊಳ್ಳುವಂಥದ್ದು, ತಲೆಬುರುಡೆ ಇದ್ದರೆ ವಿಷ, ಹನಿ ಬಿದ್ದು ಸವೆಯುತ್ತಿರುವ ಕೈ ಇದ್ದರೆ ಸುಡುವಂಥದ್ದು. ದೊಡ್ಡ ಡ್ರಮ್ಮಿನಿಂದ ಚಿಕ್ಕ ಕ್ಯಾನಿಗೆ ಸುರಿಯುವುದಿದ್ದರೆ ಮೊದಲು ಆ ಕ್ಯಾನಿಗೂ ಚೀಟಿ ಹಚ್ಚಬೇಕು. ತಿನ್ನುವ, ಕುಡಿಯುವ ಪದಾರ್ಥದ ಬಾಟಲಿಗೆ ಸುರಿಯಲೇಬಾರದು. ಹೊಸದಾಗಿ ಬಂದವರಿಗೆ ಇದನ್ನೆಲ್ಲ ಕಲಿಸುತ್ತಿದ್ದವನು ನಾನೇ.

ಕೆಲಸ ಬಿಟ್ಟ ಮೇಲೆ ಒಂದು ದಿನ ಸಂಡಾಸು ತೊಳೆಯುವ ಆಸಿಡ್ಡನ್ನು ಕೈಗಾಡಿಯವನಿಂದ ಬಿಡಿಯಾಗಿ ಕೊಂಡೆ. ಅವನ ಕ್ಯಾನು ಅವನಿಗೆ ವಾಪಸ್ಸು ಬೇಕಿತ್ತು. ತೊಳೆದಿಟ್ಟಿದ್ದ ನಿಂಬೆ ಶರಬತ್ತಿನ ಬಾಟಲಿಗೆ ಸುರಿದು ಬಚ್ಚಲ ಮೂಲೆಯಲ್ಲಿಟ್ಟೆ. ಮನೆಯೇ ಅಲ್ಲವೇ, ಅಂದುಕೊಂಡೆ. ಬಣ್ಣವೂ ಅದೇ ಹಳದಿ. ಆರು ವರ್ಷದ ಹುಡುಗಿ ಒಂದೇ ಗುಟುಕು ಕುಡಿದು ಉಗುಳಿದಳು. ಅಷ್ಟಕ್ಕೇ ಗಂಟಲು ಸುಟ್ಟಿತು.

ಅಂದಿನಿಂದ ಸೊಸೆ ನನ್ನೊಡನೆ ಮಾತಾಡಿರಲಿಲ್ಲ. ಬೈದಿದ್ದರೂ ಆಗುತ್ತಿತ್ತು.

ಇವತ್ತು ಸಂಜೆ ಎಲ್ಲರೂ ಕೂಡಿ ಊಟಕ್ಕೆ ಕುಳಿತೆವು. ಮೆತ್ತಗೆ ಮಾಡಿದ ಅನ್ನ, ತಿಳಿಸಾರು. ನಾನು ಮೊಮ್ಮಗಳ ನೀರಿನ ಲೋಟ ಎತ್ತಿ ಮೂಸಿ ನೋಡಿದೆ.

“ಅಜ್ಜಾ, ಅದು ನೀರದ,” ಅಂದಳು ಅವಳು. “ಅದಕ್ಕೂ ನಿನ್ನ ಕಾರಖಾನಿ ಚಿತ್ರಾ ಹಚ್ಚತೀಯೇನು?”

“ಹಚ್ಚತೀನವ್ವಾ.”

“ನಿನಗ ಚಿತ್ರಾ ತಗೀಲಿಕ್ಕೆ ಎಲ್ಲಿ ಬರತದ? ನಾ ತಗದು ಕೊಡತೀನಿ, ನೀ ಬರೇ ಹಚ್ಚು.”

ಮಗ ನಕ್ಕ. ಸೊಸೆ ನಗಲಿಲ್ಲ, ಮಗಳ ಬಾಯಿಗೆ ತುತ್ತಿಟ್ಟಳು. ಮೂವರೂ ಆ ಪುಟ್ಟ ಗಂಟಲನ್ನೇ ನೋಡುತ್ತ ಕುಳಿತೆವು. ನುಂಗಿದಳು. ಎರಡನೇ ತುತ್ತಿಗೆ ತಾನೇ ಬಾಯಿ ತೆರೆದಳು.

“ಮಾವಾರ, ಉಣ್ರಿ. ಆರಲಿಕ್ಕತ್ತದ,” ಅಂದಳು ಸೊಸೆ, ನನ್ನ ತಾಟಿಗೆ ಸಾರು ಹಾಕುತ್ತ.

ಉಂಡೆ. ಉಪ್ಪು, ಹುಳಿ ಏನೂ ತಿಳಿಯಲಿಲ್ಲ. ಆದರೂ ಮತ್ತೊಮ್ಮೆ ಅನ್ನ ಬಡಿಸಿಕೊಂಡೆ.