ಕಂಬದ ಮೇಲಿನ ಗೇಣು

ದೇವಣ್ಣನ ಕೈಗೆ ಸಿಕ್ಕಿದ ಯಾವ ವಸ್ತುವೂ ಇದ್ದ ಹಾಗೆ ಇರುವುದಿಲ್ಲ ಎಂಬುದು ಕೊಳ್ಳೇಗಾಲದಲ್ಲಿ ಅವನ ಬೀದಿಗೆಲ್ಲ ಗೊತ್ತು. ಬಸ್ ಡಿಪೋದಲ್ಲಿ ಮೂವತ್ತಮೂರು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ. ಬಿಚ್ಚಲು ಬಸ್ಸಿಲ್ಲದೆ ಮೊದಲು ಮನೆಯ ಗ್ರೈಂಡರು, ಆಮೇಲೆ ಪಕ್ಕದ ಮನೆಯ ಗೇಟು, ಕೊನೆಗೆ ದೇವಸ್ಥಾನದ ಮೈಕು ಬಿಚ್ಚಿ ಜೋಡಿಸಿದ. ಜೋಡಿಸಿದ ಮೇಲೆ ಒಂದೆರಡು ತಿರುಪು ಮಿಕ್ಕುತ್ತಿದ್ದವು ಎನ್ನುವುದು ನಿಜ. ವಸ್ತು ಮಾತ್ರ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿತ್ತು, ಅದನ್ನೂ ಹೇಳದಿದ್ದರೆ ಪಾಪ ಬರುತ್ತದೆ.

ನೇಕಾರರ ಮನೆಯಲ್ಲಿ ಹುಟ್ಟಿಯೂ ಅವನಿಗೆ ನೇಯ್ಗೆ ಒಲಿಯಲಿಲ್ಲ. ಮಗನ ಕೈಯಲ್ಲಿ ನೂಲು ಹರಿಯುವುದನ್ನು ನೋಡಿ ನೋಡಿ ಸಾಕಾದ ಅಪ್ಪ ಶಿವಯ್ಯ, “ನಿನ್ ಕೈಗೆ ಸ್ಪ್ಯಾನರೇ ಸರಿ ಕಣ್ಲಾ, ರೇಷ್ಮೆ ಮುಟ್ಬೇಡ” ಎಂದುಬಿಟ್ಟಿದ್ದ. ಮನೆಯ ಮಗ್ಗ ಹಿಡಿದವಳು ಸೊಸೆ, ದೇವಣ್ಣನ ಹೆಂಡತಿ ವಿಜಯಮ್ಮ. ಅವಳು ನೇಯ್ದ ಸೀರೆಯ ಅಂಚನ್ನು ಬೆರಳಲ್ಲಿ ಸವರಿಯೇ ಇದು ಇವಳದು ಎಂದು ಹೇಳುವವರು ಊರಿನಲ್ಲಿ ಇದ್ದಾರೆ.

ಗಂಡ ಮನೆಯನ್ನೇ ಬಿಚ್ಚಿಹಾಕುತ್ತಾನೆಂದು ವಿಜಯಮ್ಮ ದೂರಿದಾಗ, ಯಳಂದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಗಳು ವಾಣಿಶ್ರೀ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ರೀಕ್ಯಾಡ್ ಹಾಕಿ ತಂದುಕೊಟ್ಟಳು. ಅಳತೆ ಕೊಟ್ಟರೆ ನಟ್ಟಿನಿಂದ ಹಿಡಿದು ಎತ್ತಿನಗಾಡಿಯವರೆಗೆ ಏನನ್ನಾದರೂ ಬರೆಯಬಹುದಾದ ತಂತ್ರಾಂಶ ಅದು.

“ಇದ್ರಲ್ಲಿ ಎಷ್ಟು ಬೇಕಾದ್ರೂ ಬಿಚ್ಚು ಅಪ್ಪ. ತಿರುಪು ಮಿಗಲ್ಲ” ಎಂದಳು.

“ಎಷ್ಟು ಕೊಟ್ಟೆ ಇದ್ಕೆ?”

“ಪುಕ್ಕಟೆ.”

“ಪುಕ್ಕಟೆ ಕೊಟ್ಟೋನು ನಾಳೆ ಬಂದು ಮನೇನೇ ಕೇಳ್ತಾನೆ.”

“ಯಾರೂ ಬರಲ್ಲ. ಊರೋರೆಲ್ಲ ಸೇರಿ ಕೆರೆ ಹೂಳು ಎತ್ತಲ್ವ, ಹಂಗೆ ಇದು. ಪ್ರಪಂಚದ ಮೂಲೆಮೂಲೆಯೋರು ಬಿಡುವಾದಾಗ ಒಂದೊಂದು ಮಂಕರಿ ಮಣ್ಣು ಹೊತ್ತವ್ರೆ. ನೀರು ಯಾರು ಬೇಕಾದ್ರೂ ತಕಬೋದು.”

ದೇವಣ್ಣ ನಂಬಲಿಲ್ಲ, ಆದರೂ ಬಿಡಲಿಲ್ಲ. ಮೂರು ತಿಂಗಳಲ್ಲಿ ಕುಕ್ಕರಿನ ಹಿಡಿ, ಚಿಲಕ, ಮೊರದ ಮೂಲೆ ಎಲ್ಲ ಪರದೆಯ ಮೇಲೆ ಬಂದವು. ಅರ್ಧ ಗಂಟೆಯಲ್ಲಿ ಕೈಯಲ್ಲೇ ಮಾಡಬಹುದಾದ ಚಿಲಕವನ್ನು ಮೂರು ದಿನ ಕೂತು ಬರೆಯುವ ಗಂಡನನ್ನು ವಿಜಯಮ್ಮ ಮಗ್ಗದ ಮನೆಯಿಂದಲೇ ಛೇಡಿಸುತ್ತಿದ್ದಳು. “ಬಾಗ್ಲು ಅಲ್ಲೀಗಂಟ ತೆರ್ಕಂಡೇ ಇರ್ಲಾ?” ಎನ್ನುತ್ತಿದ್ದಳು.

ಅವನನ್ನು ಹುಚ್ಚು ಹಿಡಿಸಿದ್ದು ಆ ತಂತ್ರಾಂಶದ ಒಂದು ಗುಣ. ಅಲ್ಲಿ ಒಂದು ಅಳತೆಗೆ ಹೆಸರಿಟ್ಟು ಉಳಿದ ಅಳತೆಗಳನ್ನೆಲ್ಲ ಅದಕ್ಕೆ ಕಟ್ಟಿಹಾಕಬಹುದು. ಆ ಒಂದನ್ನು ಬದಲಿಸಿದರೆ ಚಿತ್ರವೆಲ್ಲ ತಾನಾಗಿ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ವಾಣಿಶ್ರೀ ಇದನ್ನು ದೊಡ್ಡ ವಿದ್ಯೆಯ ಹಾಗೆ ವಿವರಿಸಹೊರಟರೆ ದೇವಣ್ಣ ನಕ್ಕುಬಿಟ್ಟ.

“ಇದು ನಮ್ಮಪ್ಪನ ಲೆಕ್ಕ ಕಣವ್ವ” ಎಂದ.

ಅದು ಸುಳ್ಳಲ್ಲ. ಶಿವಯ್ಯ ಮಗ್ಗ ಹೂಡುವಾಗ ಟೇಪು ಮುಟ್ಟಿದವನೇ ಅಲ್ಲ. ಯಾರು ನೇಯಬೇಕೋ ಅವರ ಗೇಣೇ ಅವನ ಅಳತೆಗೋಲು. ಹತ್ತೊಂಬತ್ತರ ವಿಜಯಮ್ಮ ಮದುವೆಯಾಗಿ ಬಂದ ಎಂಟನೆಯ ದಿನ ಅವಳನ್ನು ಮಗ್ಗದ ಮನೆಗೆ ಕರೆದು, ಬಲಗಂಬದ ಮೇಲೆ ಬಲಗೈ ಅಗಲಿಸಿ ಇಡು ಎಂದಿದ್ದ. ಹೆಬ್ಬೆರಳ ತುದಿಗೊಂದು, ಕಿರುಬೆರಳ ತುದಿಗೊಂದು ಉಳಿಯಿಂದ ಗುರುತು ಹೊಡೆದ. ಕಾಲು ಇಳಿಬಿಡುವ ಗುಂಡಿಯ ಆಳ ಆ ಗೇಣಿನ ಮೂರೂವರೆ, ಕೂರುವ ಹಲಗೆಯಿಂದ ಬಟ್ಟೆಗೆ ಒಂದೂಕಾಲು, ಲಾಳಿ ಓಡಿಸಲು ಎಳೆಯುವ ಮರದ ಹಿಡಿಯ ಉದ್ದ ಅರ್ಧ. “ಕೂರೋರ ಕೈಗೆ ಮಗ್ಗ ಒಗ್ಗಬೇಕು ಕಣವ್ವ, ಮಗ್ಗಕ್ಕೆ ನೀನು ಒಗ್ಗಾದಲ್ಲ” ಎಂದಿದ್ದನಂತೆ. ಹೊಸ ಮನೆಯಲ್ಲಿ ತನಗಾಗಿಯೇ ಮಾಡಿದ ಒಂದು ಜಾಗ ಸಿಕ್ಕಿತೆಂದು ಆ ಹುಡುಗಿ ಅವತ್ತು ಅತ್ತಿದ್ದಳು.

ಹೀಗಾಗಿ ದೇವಣ್ಣ ಯಾವ ಚಿತ್ರ ಬರೆದರೂ ಅಳತೆಪಟ್ಟಿಯ ಮೊದಲ ಮನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗೇಣು ಎಂದು ಬರೆದು ಆಮೇಲೆ ಮುಂದಿನ ಕೆಲಸ ಹಿಡಿಯುತ್ತಿದ್ದ. ಕುಕ್ಕರಿನ ಹಿಡಿಗೂ ಗೇಣೇ.

ಕಳೆದ ಕಾರ್ತಿಕದಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರುವಾಗ ವಿಜಯಮ್ಮ ಯಳಂದೂರಿನಲ್ಲಿ ಬಸ್ಸಿಳಿಯುತ್ತ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು. ಆರು ವಾರಕ್ಕೆ ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು, ಬೆರಳು ಮಾತ್ರ ಪೂರ್ತಿ ಅಗಲಿಸಲೂ ಬಾರದು, ಪೂರ್ತಿ ಮಡಿಸಲೂ ಬಾರದು. ಮಗ್ಗದ ಮೇಲೆ ಮೂರು ಸೀರೆಗಾಗುವಷ್ಟು ಉದ್ದ ಎಳೆಗಳ ಹಾಸು ಇತ್ತು, ಒಂದೂವರೆ ಸೀರೆ ನೇಯ್ದಾಗಿತ್ತು. ಎಡಗೈಗೆ ಬಡಿಯುವ ಹಲಗೆಯ ಕೆಲಸ, ಲಾಳಿ ಎಳೆಯುವುದು ಬಲಗೈಯೇ. ಹಳೆಯ ತೆಳ್ಳನೆಯ ಹಿಡಿ ಅವಳ ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು.

ನೂಲು ಕೊಟ್ಟು ಸೀರೆ ನೇಯಿಸುವ ಸತೀಶ ಒಳ್ಳೆಯವನು, ಒಂದು ಮಾತು ಕೇಳಲಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದವನಿಗೆ ವಿಜಯಮ್ಮನೇ ಹೇಳಿದಳು.

“ಶಿವರಾತ್ರಿ ಕಳೆದ ಸೋಮವಾರ ಬಂದು ಹಾಸು ಕತ್ತರಿಸ್ಕಂಡು ಓಗು ಸತೀಶ. ಬ್ಯಾರೆ ಯಾರಾದ್ರೂ ನೇಯ್ಲಿ. ಮಗ್ಗಾನೂ ಬಿಚ್ಚಿಸ್‌ಬುಡ್ತೀನಿ.”

ಅರ್ಧ ನೇಯ್ದ ಹಾಸು ಕತ್ತರಿಸುವುದೆಂದರೆ ಉಣ್ಣುತ್ತಿರುವವರ ಮುಂದಿನಿಂದ ಎಲೆ ಎತ್ತಿದ ಹಾಗೆ, ನೇಕಾರರು ಬಾಯಲ್ಲಿ ಕೂಡ ಆಡುವ ಮಾತಲ್ಲ. ಅವಳು ಆಡಿದಳು, ಕಣ್ಣಲ್ಲಿ ನೀರಿಲ್ಲದೆ ಆಡಿದಳು. ಆಮೇಲೆ ಒಳಗೆ ಹೋಗಿ, ಬೆಳಿಗ್ಗೆಯಷ್ಟೇ ಬೆಳಗಿದ್ದ ತಪ್ಪಲೆಯನ್ನು ಎಡಗೈಯಲ್ಲಿ ಇನ್ನೊಮ್ಮೆ ಬೆಳಗಿದಳು. ಆ ಸದ್ದು ಕೇಳಲಾರದೆ ದೇವಣ್ಣ ಲ್ಯಾಪ್‌ಟಾಪು ತೆರೆದ. ಅವಳ ಈಗಿನ ಕೈಗೆ ಒಗ್ಗುವ ಒಂದು ಹಿಡಿ ಮಾಡಬೇಕು. ಮಾಡಿದರೆ ಮಗ್ಗ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಮೊದಲ ಹಿಡಿ ನಗೆಪಾಟಲಾಯಿತು. ಚಿತ್ರವನ್ನು ನಿಜ ಅಳತೆಗೆ ಪ್ರಿಂಟು ಹಾಕಿಸಿ, ಕಾಗದವನ್ನು ಮರಕ್ಕೆ ಅಂಟಿಸಿ ಕೆತ್ತಿಸುವುದು ದೇವಣ್ಣನ ಏರ್ಪಾಡು. ಜೆರಾಕ್ಸ್ ಅಂಗಡಿಯ ಮೆಷಿನ್ನು ದೊಡ್ಡ ಹಾಳೆಯ ಚಿತ್ರವನ್ನು ಚಿಕ್ಕ ಹಾಳೆಗೆ ಕುಗ್ಗಿಸಿಕೊಟ್ಟಿದ್ದನ್ನು ಯಾರೂ ನೋಡಲಿಲ್ಲ. ಡಿಪೋದಲ್ಲಿ ಬಸ್ಸಿನ ಮರಗೆಲಸ ಮಾಡಿ ಈಗ ಹನೂರಿನಲ್ಲಿ ಅಂಗಡಿ ಇಟ್ಟಿರುವ ಮಾದು, ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ಕೆತ್ತುವವನು. ಯೋಚನೆ ಮಾಡುವುದು ಕಾಗದ ತಂದವರ ಕೆಲಸ ಎಂದು ನಂಬಿದವನು. ಆಟಿಕೆಯಂಥ ಹಿಡಿ ಬಂತು.

“ಯಾರ್ ಮನೆ ತೊಟ್ಲಿಗೆ ಕಟ್ಟಾಣ ಇದ್ನ?” ಎಂದಳು ವಿಜಯಮ್ಮ. ನಕ್ಕಳು, ಆದರೆ ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡೇ ಇದ್ದಳು. ಒಲೆಗೆ ಹಾಕದೆ ಹೂವಿನ ಬುಟ್ಟಿಯಲ್ಲಿ ಇಟ್ಟಳು.

ಎರಡನೆಯದು ಅಳತೆಗೆ ತಪ್ಪದೆ ಬಂತು. ಬೆರಳು ಕೂರಲು ನಾಲ್ಕು ಹಳ್ಳ, ಹಗ್ಗಕ್ಕೆ ರಂಧ್ರ, ನುಣ್ಣಗೆ ತೀಡಿದ ಮೈ. ಅವಳು ಹಿಡಿದು ನೋಡಿ, “ಚೆಂದಾಗದೆ” ಎಂದು ಹೊಗಳಿ ಗೂಡಿನಲ್ಲಿಟ್ಟಳು. ಮೂರನೆಯದನ್ನು ಇನ್ನೂ ದಪ್ಪ ಮಾಡಿಸಿದ. ಅದಕ್ಕೂ “ಚೆಂದಾಗದೆ.” ನೆಂಟರ ಮನೆಯ ಉಪ್ಪಿಲ್ಲದ ಸಾರಿಗೆ ಅವಳು ಹೇಳುವ ಮಾತು ಅದು. ಮೂವತ್ತೇಳು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ತಿಳಿಯುವುದಿಲ್ಲವೇ?

“ಎಲ್ಲಿ ನೋಯ್ತದೆ ಅಂತ ಬಾಯ್ಬುಟ್ಟು ಏಳಿದ್ರೆ ತಾನೆ?” ಎಂದು ರೇಗಿದ.

“ನೋಯಾಕಿಲ್ಲ.”

“ಮತ್ತೆ?”

“ಚೆಂದಾಗದೆ ಅಂದ್ನಲ್ಲ.”

ದೇವಣ್ಣ ಹಳ್ಳದ ಆಳ ಬದಲಿಸಿದ, ದಪ್ಪ ಬದಲಿಸಿದ, ರಂಧ್ರದ ಓರೆ ಬದಲಿಸಿದ. ಮೊದಲ ಮನೆಯ ಗೇಣನ್ನು ಮಾತ್ರ ಮುಟ್ಟಲಿಲ್ಲ. ನೂರ ತೊಂಬತ್ತಾರು ಮಿಲಿಮೀಟರು. ಡಿಪೋ ಕಾಲದ ಕ್ಯಾಲಿಪರ್ ಹಿಡಿದು ಕಂಬದ ಗುರುತಿನಿಂದ ತೆಗೆದ ಅಳತೆ, ಅಪ್ಪ ಹೊಡೆದ ಗುರುತು. ಅದು ತಪ್ಪಾಗಿರಲು ಹೇಗೆ ಸಾಧ್ಯ?

ಶಿವರಾತ್ರಿ ಕಳೆಯಿತು. ಗುರುವಾರ ಬೆಳಿಗ್ಗೆ ಹಾಲು ತಂದ ದೇವಣ್ಣ ಚಪ್ಪಲಿ ಬಿಡುತ್ತ ಮಗ್ಗದ ಮನೆಯ ಕಡೆ ನೋಡಿದ. ವಿಜಯಮ್ಮ ಬಲಗಂಬದ ಮುಂದೆ ಇವನಿಗೆ ಬೆನ್ನು ಹಾಕಿ ನಿಂತಿದ್ದಳು. ಬಲಗೈಯನ್ನು ಕಂಬದ ಮೇಲೆ ಇಟ್ಟಿದ್ದಳು. ಹೆಬ್ಬೆರಳು ಕೆಳಗಿನ ಗುರುತಿನಲ್ಲಿ ಕೂತಿತ್ತು. ಕಿರುಬೆರಳು ಮೇಲಿನ ಗುರುತಿಗೆ ಮುಟ್ಟದೆ ಮೂರು ಬೆರಳಗಲ ಕೆಳಗೇ ನಿಂತಿತ್ತು. ಎಡಗೈಯಿಂದ ಅದನ್ನು ಹಿಡಿದು ಮೇಲಕ್ಕೆ ಎಳೆಯುತ್ತಿದ್ದಳು. ನೋವಿಗೆ ತುಟಿ ಕಚ್ಚಿದ್ದಳು.

ದೇವಣ್ಣನಿಗೆ ಹಾಲಿನ ಪೊಟ್ಟಣ ಎಲ್ಲಿಡಬೇಕೆಂದೇ ತೋಚಲಿಲ್ಲ.

“ಎಷ್ಟು ದಿನದಿಂದ ಇಂಗ್ ಮಾಡ್ತಿದೀಯೆ?”

ಅವಳು ಬೆಚ್ಚಿ ಕೈ ತೆಗೆದಳು. “ಕಟ್ಟು ಬಿಚ್ಚಿದಾಗಿಂದ. ಬೆರಳು ಗುರ್ತು ಮುಟ್ಟಿದ್ ದಿನ ಏಳಾಣ ಅಂತಿದ್ದೆ.”

“ನಾನು ಮಾಡಿದ್ ಹಿಡಿ ದೊಡ್ಡದು ಅಂತ ಒಂದ್ ಮಾತು ಏಳಾಕೇನಾಗಿತ್ತು?”

“ಎಂಗೇಳ್ಲಿ? ಅದು ಮಾವ ಹೊಡೆದ ಗುರ್ತು. ಈ ಮನೇಲಿ ನಂಗೆ ಜಾಗ ಅಂತ ಕೊಟ್ಟಿದ್ದೇ ಅದು. ಕೈಯೇ ಅಷ್ಟಿಲ್ಲ ಅಂದ್ಮೇಲೆ...”

ದೇವಣ್ಣನಿಗೆ ತನ್ನ ಮೇಲೆ ಬಹಳ ನಾಚಿಕೆಯಾಯಿತು. ಒಂದೂವರೆ ತಿಂಗಳಿಂದ ಇವಳ ಕೈಗಾಗಿ ದುಡಿಯುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು, ಆ ಕೈಯನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ. ಅಳೆದದ್ದು ಕಂಬವನ್ನು. ಕಂಬದ ಮೇಲಿದ್ದ ಕೈ ಹತ್ತೊಂಬತ್ತು ವರ್ಷದ ಹುಡುಗಿಯದು.

ಹಾಳೆ, ಪೆನ್ಸಿಲು ತಂದು ಜಗಲಿಯ ಮೇಲೆ ಅವಳನ್ನು ಕೂರಿಸಿದ. “ಕೈ ಇಡು. ಎಳೀಬ್ಯಾಡ. ನೋಯದಂಗೆ ಎಷ್ಟು ಬತ್ತದೋ ಅಷ್ಟೇ.”

ಬೆರಳು ಬೆರಳಿನ ಸುತ್ತ ಪೆನ್ಸಿಲು ಹಾಯಿಸಿದ. ಹೊಗೆಯ ಬಣ್ಣಕ್ಕೆ ತಿರುಗಿದ ಉಗುರು, ನೂಲು ಉಜ್ಜಿ ಉಜ್ಜಿ ಗಟ್ಟಿಯಾದ ತೋರುಬೆರಳ ಅಂಚು, ಎಲ್ಲವನ್ನೂ ನಿಧಾನವಾಗಿ ನೋಡಿದ.

“ಬ್ಯಾಗ ಮುಗಿಸ್ರಿ, ಬೀದಿಯೋರು ನೋಡ್ತಾರೆ” ಎಂದಳು.

“ನೋಡ್ಲಿ ಬುಡು. ಮದ್ವೆಯಾಗಿ ಮೂವತ್ತೇಳು ವರ್ಸ ಆಯ್ತು.”

ನೂರ ನಲವತ್ತೆಂಟು ಬಂತು. ಮೊದಲ ಮನೆಯಲ್ಲಿ ನೂರ ತೊಂಬತ್ತಾರು ಅಳಿಸಿ ಅದನ್ನು ಬರೆದ. ಎಲ್ಲ ತಾನಾಗಿ ಕುಗ್ಗುತ್ತದೆಂದು ಕಾದರೆ ಪರದೆಯ ತುಂಬ ಕೆಂಪು ಗುರುತು ಎದ್ದು, ಹಿಡಿಯೇ ಮಾಯವಾಯಿತು. ದೇವಣ್ಣ ಬಸ್ಸಿನ ಎಂಜಿನ್ನಿಗೆ ಬೈಯುತ್ತಿದ್ದ ಬೈಗುಳಗಳನ್ನೆಲ್ಲ ಒಂದು ಸುತ್ತು ಬೈದು, ಯಳಂದೂರಿಗೆ ಫೋನು ಮಾಡಿದ. ಈ ತಂತ್ರಾಂಶ ಬಳಸುವವರು ಕಷ್ಟ ಸುಖ ಹೇಳಿಕೊಳ್ಳುವ ಒಂದು ಜಾಗ ಅಂತರ್ಜಾಲದಲ್ಲಿದೆ. ವಾಣಿಶ್ರೀ ಅಲ್ಲಿ ಅಪ್ಪನ ಚಿತ್ರವನ್ನಿಟ್ಟು ಇಂಗ್ಲಿಷಿನಲ್ಲಿ ಕೇಳಿದಳು. ಸಂಜೆಯೊಳಗೆ ಯಾವ ದೇಶದವನೋ ಒಬ್ಬ ಉತ್ತರ ಬರೆದಿದ್ದ. ಹಗ್ಗದ ರಂಧ್ರದ ಜಾಗವನ್ನು ಮೊದಲ ಅಳತೆಗೆ ಕಟ್ಟದೆ ಬರಿಯ ಸಂಖ್ಯೆ ಹಾಕಿದ್ದೀರಿ, ಹಿಡಿ ಕುಗ್ಗಿದಾಗ ರಂಧ್ರ ಹೊರಗೆ ಬಿದ್ದುಹೋಗಿದೆ ಎಂದು ತೋರಿಸಿ, ಕೊನೆಗೆ ಒಂದು ಪ್ರಶ್ನೆ ಕೇಳಿದ್ದ.

“ಗೇಣು ಅಂದ್ರೇನು ಅಂತ ಕೇಳ್ತಾವ್ನೆ ಅಪ್ಪ. ಏನಂತ ಬರೀಲಿ?”

ದೇವಣ್ಣ ಪೆನ್ಸಿಲು ಹಾಯಿಸಿದ ಹಾಳೆಯನ್ನು ಕೈಗೆತ್ತಿಕೊಂಡ. “ನನ್ನ ಹೆಂಡ್ತಿ ಕೈ ಅಂತ ಬರಿ” ಎಂದ.

ಶನಿವಾರ ಹನೂರಿನ ಬಸ್ಸು ಹಿಡಿದು ಹೋದ. ಮಾದು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಅಣ್ಣ, ಉದ್ದ ಮೊದಲ್ನೇದರಷ್ಟೇ ಐತಲ್ಲ? ಆ ತೊಟ್ಲು ಆಟಿಕೆದು?”

ಹೌದು, ಹೆಚ್ಚುಕಡಿಮೆ ಅಷ್ಟೇ. ಮೆಷಿನ್ನಿನ ತಪ್ಪು ಮೊದಲ ಸಲವೇ ಸರಿಯಾದ ಅಳತೆಯ ಹತ್ತಿರ ಬಂದಿತ್ತು. ದೇವಣ್ಣನ ಬುದ್ಧಿವಂತಿಕೆ ಅದನ್ನು ದೂರಕ್ಕೆ ಕರೆದುಕೊಂಡು ಹೋಗಿತ್ತು. ದಪ್ಪ ಮಾತ್ರ ಮೂರನೆಯದರದೇ ಉಳಿಸಿ, ಹಲಸಿನ ತುಂಡಿನಲ್ಲಿ ಕೆತ್ತಿಸಿಕೊಂಡು, ಜಾರದಂತೆ ಕೈಯ ಬೆನ್ನ ಮೇಲೆ ಹಾಯುವ ಒಂದು ಮೆತ್ತನೆಯ ಪಟ್ಟಿ ಹಾಕಿಸಿಕೊಂಡು ಬಂದ.

ವಿಜಯಮ್ಮ ಅದನ್ನು ಹಿಡಿದಳು. ನಾಲ್ಕು ಬೆರಳೂ ನಾಲ್ಕು ಹಳ್ಳದಲ್ಲಿ ಕೂತವು. ಚೆಂದಾಗಿದೆ ಎನ್ನಲಿಲ್ಲ. “ಕಟ್ಟಿ” ಎಂದಳು.

ಸೋಮವಾರ ಹತ್ತು ಗಂಟೆಗೆ ಸತೀಶ ಕತ್ತರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು, ತಪ್ಪು ಮಾಡಿದವನ ಮುಖ ಹೊತ್ತು ಬಂದ. ಬಾಗಿಲಲ್ಲೇ ನಿಂತ. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಮೊದಲಿನ ಓಟವಿಲ್ಲ. ನಾಲ್ಕು ಸಲ ನಡೆದು ಒಂದು ಸಲ ನಿಲ್ಲುತ್ತದೆ, ಲಾಳಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ವಿಜಯಮ್ಮ ಏನೋ ಗೊಣಗುತ್ತಾಳೆ, ಮತ್ತೆ ನಡೆಯುತ್ತದೆ. ಸತೀಶ ದೇವಣ್ಣ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಎರಡು ಬೆರಳಗಲ ಬಟ್ಟೆ ಮುಂದೆ ಹೋಗಿತ್ತು.

“ಕತ್ತರಿ ತಂದಿದ್ದೆ ಅಕ್ಕ” ಎಂದ.

“ತಂದಿದ್ರೆ ಈ ಹಗ್ಗದ ಬಾಲ ಕತ್ತರಿಸ್ಕೊಟ್ಟು ಓಗು. ಕಣ್ಣಿಗೆ ಬಡೀತದೆ.”

ಅವನು ಹಿಡಿಯ ಗಂಟಿನಿಂದ ಇಳಿಬಿದ್ದಿದ್ದ ಹಗ್ಗದ ತುದಿ ಕತ್ತರಿಸಿ, ಕತ್ತರಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು ಹೋದ.

ಮಧ್ಯಾಹ್ನ ಗುಂಡಿಯಿಂದ ಎದ್ದವಳು ಗಂಡನನ್ನು ಕರೆದಳು. “ರೀ, ಉಳಿ ತಕಂಡ್ ಬನ್ನಿ.”

ದೇವಣ್ಣ ಉಳಿ, ಸುತ್ತಿಗೆ ಎರಡೂ ತಂದ. “ಹಳೇ ಗುರ್ತ್ನ ಮೇಣ ತುಂಬಿ ಮುಚ್ಚಿಬುಡ್ಲಾ?”

“ಬ್ಯಾಡ. ಅದು ಮಾವ ನೋಡಿದ್ ಕೈ, ಇರ್ಲಿ. ಇದು ನೀವು ನೋಡಿದ್ದು.”

ಹೆಬ್ಬೆರಳನ್ನು ಹಳೆಯ ಗುರುತಿನಲ್ಲೇ ಇಟ್ಟಳು. ಉಳಿದ ಬೆರಳುಗಳು ಬಂದಷ್ಟಕ್ಕೆ ಬಂದು ನಿಂತವು. ಅವಳು ಎಳೆಯಲಿಲ್ಲ.