ಕಾರು ಕೆಮ್ಮುವುದನ್ನು ಬಿಟ್ಟ ದಿನ

ನಾನು ಚಿಕ್ಕವನಿದ್ದಾಗ ನನ್ನ ಗಂಟಲಲ್ಲಿ ಇಡೀ ಬಸವೇಶ್ವರನಗರವೇ ಬಾಡಿಗೆಗಿತ್ತು. ಸೊಪ್ಪು ಮಾರುವವಳ ಕೂಗು, ಮೇಷ್ಟ್ರ ಮೂಗಿನ ಮಾತು, ಅಪ್ಪನ ಸೀನು, ಅಳುವ ಮುಂಚೆ ಅಕ್ಕ ಎಳೆಯುವ ರಾಗ, ಎಲ್ಲವನ್ನೂ ಅಣಕಿಸುತ್ತಿದ್ದೆ. ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ನನ್ನ ದನಿಯೊಂದು ಮಾತ್ರ ಯಾವತ್ತೂ ಸರಿಯಾಗಿ ಬರಲಿಲ್ಲ.

ನಮ್ಮ ಮನೆಯಲ್ಲಿ ತಾತನ ಹಳೆಯ ಕಪ್ಪು ಕಾರಿತ್ತು. ತಿಂಗಳಿಗೊಮ್ಮೆ ತಾತ ಬಾನೆಟ್ ಎತ್ತಿ, ‘ಪಾಯಿಂಟ್’ ಎಂಬ ಎರಡು ಪುಟ್ಟ ಲೋಹದ ಚೂರುಗಳನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಅವು ಬಾಯಿ ತೆರೆದು ಮುಚ್ಚಿದಂತೆಲ್ಲ ಎಂಜಿನ್ನಿಗೆ ಕಿಡಿ ಹೋಗುತ್ತಿತ್ತು. ಎರಡರ ನಡುವೆ ಎಷ್ಟು ಸಂದು ಬೇಕೆಂದು ಅಳೆಯಲು ತಾತ ಅಪ್ಪನ ಲಗ್ನಪತ್ರಿಕೆಯ ಒಂದು ಚೂರನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಅದರ ಮೇಲೆ ‘ಸಕುಟುಂಬ’ ಎಂಬ ಪದದ ಅರ್ಧ ಉಳಿದಿತ್ತು.

ತಾತನಿಗೆ ನಶ್ಯದ ಅಭ್ಯಾಸ. ಮನೆ ಮುಂದೆ ಕಾರು ನಿಲ್ಲಿಸಿ ಕೀ ತೆಗೆದ ಮೇಲೆ, ಕೂತಲ್ಲೇ ಮೂರು ಸಲ ಕೆಮ್ಮಿ, ‘ಉಸ್ಸ್’ ಎಂದು ಉದ್ದಕ್ಕೆ ಉಸಿರು ಬಿಟ್ಟು ಇಳಿಯುತ್ತಿದ್ದರು. ಅವರು ಇಳಿಯುವ ತನಕ ಅಜ್ಜಿ ಹಿಂದಿನ ಸೀಟಿನಿಂದ ಅಲುಗಾಡುತ್ತಿರಲಿಲ್ಲ. ಆ ಕೆಮ್ಮನ್ನು ನಾನು ತಾತನ ಎದುರಿಗೇ ಅಣಕಿಸಿ ಅವರನ್ನೂ ನಗಿಸಿದ್ದೆ. ಆದರೆ ಕೊನೆಯ ಆ ಉಸಿರು ನನಗೆ ಒಲಿಯಲಿಲ್ಲ. ನಾನು ಬಿಟ್ಟರೆ ಸೈಕಲ್ ಪಂಕ್ಚರ್ ಆದ ಹಾಗಿರುತ್ತಿತ್ತು.

ತಾತ ಇರುವ ತನಕ ತಾತ ಕೆಮ್ಮುತ್ತಿದ್ದರು, ಕಾರು ಕೆಮ್ಮುತ್ತಿರಲಿಲ್ಲ. ಅವರು ತೀರಿಕೊಂಡ ಕೆಲವು ತಿಂಗಳ ಮೇಲೆ, ಒಂದು ಭಾನುವಾರ, ಕೆಂಗೇರಿ ಕಡೆಯ ಉಲ್ಲಾಳದ ಅತ್ತೆಯ ಮನೆಯಿಂದ ವಾಪಸು ಬಂದೆವು. ಅಪ್ಪ ಗೇಟಿನೊಳಗೆ ಕಾರು ನಿಲ್ಲಿಸಿ ಕೀ ತೆಗೆದರು. ಎಂಜಿನ್ ನಿಲ್ಲಲಿಲ್ಲ. ಕೀ ಅಪ್ಪನ ಕೈಯಲ್ಲೇ ಇತ್ತು. ಕಾರು ಮೈ ನಡುಗಿಸಿ ಖೊ, ಖೊ, ಖೊ ಎಂದಿತು. ಆಮೇಲೆ ‘ಉಸ್ಸ್’ ಎಂದು ಸುಮ್ಮನಾಯಿತು. ಇದೂ ನನ್ನದೇ ಚೇಷ್ಟೆಯೆಂದು ಅಕ್ಕ ನನ್ನ ತೊಡೆ ಚಿವುಟಿದಳು. ನನ್ನ ಬಾಯಿ ತುಂಬ ಕಡಲೆಪುರಿಯಿತ್ತು.

ಅಪ್ಪ ಬಾಗಿಲು ತೆಗೆಯಲು ಹೋದಾಗ ಹಿಂದಿನಿಂದ ಅಜ್ಜಿ ಮೆಲ್ಲಗೆ, “ತಾಳೋ, ಇಳೀಲಿ” ಎಂದರು.

ಯಾರು ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಕಾರು ಕೆಮ್ಮಿ ಉಸಿರು ಬಿಡುವ ತನಕ ಯಾರೂ ಬಾಗಿಲು ಮುಟ್ಟುವಂತಿಲ್ಲ. ಮಟಮಟ ಮಧ್ಯಾಹ್ನ, ಕಾದ ರೆಕ್ಸಿನ್ ಸೀಟಿಗೆ ತೊಡೆ ಅಂಟಿಸಿಕೊಂಡು, ಬೆವರುತ್ತಾ ಕೂರುತ್ತಿದ್ದೆವು. ಪೆಟ್ರೋಲಿನ ವಾಸನೆಯ ನಡುವೆ ನಶ್ಯದ ಘಾಟು ಬಂದಂತಾಗಿ ನನ್ನ ಕತ್ತಿನ ಕೂದಲು ನೆಟ್ಟಗಾಗುತ್ತಿತ್ತು. ಅಜ್ಜಿಯ ಮುಖ ಮಾತ್ರ ಆ ಅರೆನಿಮಿಷ ಹಗುರಾಗುತ್ತಿತ್ತು. ವಾರವಿಡೀ ಮಾತಿಲ್ಲದೆ ಇರುತ್ತಿದ್ದ ಅವರು ಕಾರು ಹೊರಡುವ ಭಾನುವಾರ ಮಾತ್ರ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಸಿದ್ಧರಾಗುತ್ತಿದ್ದರು.

ಆದರೆ ಕಾರು ನಡುದಾರಿಯಲ್ಲೂ ನಿಲ್ಲತೊಡಗಿತು. ಕೆಂಗೇರಿಯ ಹತ್ತಿರ ಲಾರಿಗಳ ನಡುವೆ ಎರಡು ಸಲ ಸದ್ದಡಗಿ ನಿಂತಾಗ ಅಪ್ಪ ಇಳಿದು ಅದನ್ನು ರಸ್ತೆಯಂಚಿಗೆ ತಳ್ಳಿದರು. ಲಗ್ಗೆರೆಯಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಅವರು ಬಾನೆಟ್ಟಿನೊಳಗೆ ತಲೆ ತೂರಿಸಿ ನೋಡಿ ಹೇಳಿದರು:

“ಪಾಯಿಂಟ್ ಪೂರ್ತಿ ಸವೆದಿದೆ ಸಾರ್. ಕಿಡಿ ಟೈಮಿಗೆ ಸರಿಯಾಗಿ ಬೀಳ್ದೆ ಎಂಜಿನ್ ಕಾಯ್ತಾ ಇದೆ. ಕೀ ತೆಗೆದ್ರೂ ಆ ಬಿಸೀಗೇ ಪೆಟ್ರೋಲ್ ಹತ್ಕೊಳ್ತಾ ಇದೆ, ಅಷ್ಟೇ. ಪಾಯಿಂಟ್ ಬದ್ಲು ಎಲೆಕ್ಟ್ರಾನಿಕ್ ಹಾಕ್ಬಿಡ್ತೀನಿ. ಆಮೇಲೆ ಟಕ್ ಅಂತ ನಿಲ್ಲತ್ತೆ.”

ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಅಜ್ಜಿ ‘ಟಕ್ ಅಂತ’ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅಪ್ಪ ಅವರ ಕಡೆ ನೋಡಿದರು. ಅಜ್ಜಿ, “ಮಕ್ಕಳು ಕೂರೋ ಕಾರು. ಹಾಕ್ಸು” ಎಂದು ಒಳಗೆ ಹೋದರು.

ಪಾಯಿಂಟು ಹೊರಗೆ ಬಂತು. ಅದರ ಜಾಗಕ್ಕೆ ಜಿರಳೆಯಷ್ಟು ದಪ್ಪದ ಕಪ್ಪು ಡಬ್ಬಿಯೊಂದು ಎರಡು ವೈರುಗಳನ್ನು ಮೀಸೆಯಂತೆ ಚಾಚಿಕೊಂಡು ಕೂತಿತು. ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಅಪ್ಪ ಅಜ್ಜಿಯನ್ನು ಕೂರಿಸಿಕೊಂಡು ವಿಜಯನಗರದ ತನಕ ಒಂದು ಸುತ್ತು ಹೊರಟರು. ನಾನು ಅಕ್ಕನ ಹೊಟ್ಟೆನೋವಿನ ನರಳಾಟವನ್ನು ಅಣಕಿಸಿ, ನನಗೇ ನೋವೆಂದು ನಂಬಿಸಿ ಮನೆಯಲ್ಲೇ ಉಳಿದೆ. ವಾಪಸು ಬಂದು ಕೀ ತಿರುಗಿಸಿದಾಗ ಏನಾಗುತ್ತದೆಂದು ಗೊತ್ತಿತ್ತು. ಅಜ್ಜಿಯ ಪಕ್ಕ ಕೂತು ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಕಾರು ಗೇಟಿನೊಳಗೆ ಬಂತು. ಟಕ್. ನಿಂತಿತು.

ಅಷ್ಟು ದೊಡ್ಡ ಮೌನವನ್ನು ನಾನು ಮತ್ತೆಂದೂ ಕೇಳಿಲ್ಲ. ಸೀಬೆಮರದ ಕಾಗೆಯೂ ಸುಮ್ಮನಾಯಿತು. ಅಜ್ಜಿ ಮುಂದಿನ ಸೀಟಿನ ಮೇಲೆ ಅಂಗೈ ಇಟ್ಟುಕೊಂಡು ಹಾಗೆಯೇ ಕೂತಿದ್ದರು. ಅಪ್ಪ ಇಳಿದು ಬಾಗಿಲು ತೆಗೆದು ಕರೆದರು. ಅಜ್ಜಿ ಏಳಲಿಲ್ಲ. ಮತ್ತೆ ಕರೆದರು. ಅಜ್ಜಿಯ ತುಟಿ ಮಾತ್ರ ಅಲುಗಿತು.

ನಾನು ಕಾರಿನ ಹಿಂದೆ ಹೋಗಿ, ಸೈಲೆನ್ಸರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಮ್ಮಿದೆ. ಖೊ. ಖೊ. ಖೊ. ಉಸಿರು ಬಿಟ್ಟರೆ ಎಲ್ಲ ಕೆಡುತ್ತದೆಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ.

ಆಗ ‘ಉಸ್ಸ್’ ಎಂದು ಕೇಳಿಸಿತು. ಉದ್ದಕ್ಕೆ, ನಿಧಾನವಾಗಿ. ಪಾಪ, ಅಜ್ಜಿಯೇ ಬಿಟ್ಟಿರಬೇಕು ಅಂದುಕೊಂಡೆ. ಅಜ್ಜಿ ಕಾರಿನಿಂದ ಇಳಿದು ಒಳಗೆ ಹೋದರು.

ಊಟವಾದ ಮೇಲೆ ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಅಜ್ಜಿ ನನ್ನನ್ನು ಕರೆದರು.

“ಬಾರೋ ಕೋತಿ. ಕೆಮ್ಮಿದ್ದು ನೀನೇ ಅಂತ ಗೊತ್ತು ಕಣೋ. ಮೂರನೇದು ಸ್ವಲ್ಪ ಜಾಸ್ತಿ ಆಯ್ತು. ಆದ್ರೆ ಆ ಉಸಿರು ಬಿಡೋದು ಯಾವಾಗ ಕಲ್ತೆ?”

“ನಾನಲ್ಲ ಅಜ್ಜಿ. ಅದು ನೀನಲ್ವಾ?”

ಅಡಕತ್ತರಿ ನಿಂತಿತು. ಅಜ್ಜಿ ಬಿಸಿಲಲ್ಲಿ ನಿಂತಿದ್ದ ಕಾರನ್ನು ಬಹಳ ಹೊತ್ತು ನೋಡಿದರು. ಹೆದರಲಿಲ್ಲ, ಅಳಲೂ ಇಲ್ಲ.

“ಹಾಗಾದ್ರೆ ಇಳಿದ್ರು ಬಿಡು” ಎಂದರು.

ಮುಂದೆ ಎಂದೂ ಅಜ್ಜಿ ಕಾರಿನಲ್ಲಿ ಕಾಯಲಿಲ್ಲ. ನಾನು ಆ ಕೆಮ್ಮನ್ನು ಮತ್ತೆ ಅಣಕಿಸಲಿಲ್ಲ. ಯಾರ ಗಂಟಲಿಗೆ ಕೈ ಹಾಕಿದ್ದೇನೋ ಎಂಬ ಅಳುಕು.

ಮೊಮ್ಮಕ್ಕಳೇ, ನಿಮ್ಮ ಅಪ್ಪನ ಕರೆಂಟ್ ಕಾರಿನಲ್ಲಿ ಪಾಯಿಂಟೂ ಇಲ್ಲ, ಕಿಡಿಯೂ ಇಲ್ಲ, ತಿರುಗಿಸಲು ಕೀ ಕೂಡ ಇಲ್ಲ. ಓಡುತ್ತಿದೆಯೋ ನಿಂತಿದೆಯೋ ತಿಳಿಯುವಷ್ಟರಲ್ಲಿ ನೀವು ಫೋನು ನೋಡುತ್ತಲೇ ಧುಮುಕಿರುತ್ತೀರಿ. ಮೊನ್ನೆ ರಾಜಾಜಿನಗರದಿಂದ ಬಂದಾಗ, “ತಾತಾ, ನಮ್ ಕಾರ್ ಮಿಮಿಕ್ರಿ ಮಾಡು” ಅಂದಿರಿ. ನಾನು ಬಾಯಿ ಮುಚ್ಚಿ ಕೂತೆ. “ಸೂಪರ್, ಸೇಮ್ ಹಾಗೇ ಇದೆ” ಎಂದು ಚಪ್ಪಾಳೆ ತಟ್ಟಿ ಒಳಗೆ ಓಡಿದಿರಿ. ನಾನು ಮಾತ್ರ ಕಾರಿನೊಳಗೇ ಕೂತು ಕಿವಿಗೊಟ್ಟೆ. ಇಷ್ಟು ಸದ್ದಿಲ್ಲದ ಕಾರಿನಿಂದ ಎಲ್ಲರೂ ಇಳಿದರೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ?