ಕರೆದಾಗ ಓಗೊಡದವರು

ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿದ್ದ ಯಂತ್ರಗಳಲ್ಲಿ ಕಿಟಕಿ ಪಕ್ಕದ್ದು ಮಹಾ ಸೋಮಾರಿ. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಮೆಮೊರಿ ಇದೆ, ಫ್ಲಾಪಿ ಇದೆ, ಆಮೇಲೆ ಹಾರ್ಡ್ ಡಿಸ್ಕ್ ಸಿಗಲಿಲ್ಲ ಎಂದು ಹೇಳಿ ಅಲ್ಲಿಗೇ ನಿಂತುಬಿಡುತ್ತಿತ್ತು. ಡಿಸ್ಕ್ ಡಬ್ಬಿಯೊಳಗೇ ಇದೆ, ಅದು ಗುಯ್‌ಗುಡುವುದು ನನಗೆ ಕೇಳಿಸುತ್ತಿದೆ, ಆದರೂ ಇಲ್ಲವಂತೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಡಬ್ಬಿಯ ತಲೆಗೆ ಒಂದು ಬಿಗಿಯುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಬಂಗಾರಪೇಟೆ ಪಕ್ಕದ ನಮ್ಮೂರಿನಿಂದ ದಿನಾ ರೈಲು ಹಿಡಿದು, ರಾಬರ್ಟ್‌ಸನ್‌ಪೇಟೆಯ ಒಂದು ಮಹಡಿ ಕೋಣೆಯಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ನಾನು ಕಲಿತಿದ್ದು ಆರು ತಿಂಗಳು, ಧೈರ್ಯ ಮಾತ್ರ ಆರು ವರ್ಷದ್ದು. ಚಿನ್ನದ ಗಣಿಗೆ ಹೋಗುವ ಅಪ್ಪನೂ ಅದೇ ರೈಲಿಗೆ ಬರುತ್ತಿದ್ದ. ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಅವನು ನೆಲದೊಳಗೆ ಇಳಿಯುತ್ತಿದ್ದ.

ಕ್ಲಾಸಿನ ಯಜಮಾನರು ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ನಾನು ಡಬ್ಬಿಗೆ ಹೊಡೆಯುವುದನ್ನು ನೋಡಲಾರದೆ ಒಂದು ದಿನ ಹತ್ತಿರ ಬಂದರು.

"ಹೊಡೀಬೇಡಮ್ಮ. ಆಫ್ ಮಾಡ್ದೆ ಹಂಗೇ ಇನ್ನೊಂದ್ ಸಾರಿ ಶುರು ಮಾಡು."

ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಯಂತ್ರ ಮೊದಲಿಂದ ಶುರುವಾಯಿತು. ಈ ಸಲ ಡಿಸ್ಕ್ ಸಿಕ್ಕಿತು.

"ಶುರುವಾಗೋವಾಗ ಇದು ಒಬ್ಬೊಬ್ಬರನ್ನೇ ಕೂಗುತ್ತೆ," ಎಂದರು ಅಣ್ಣ. "ಸ್ವಲ್ಪ ಹೊತ್ತು ಕಾಯುತ್ತೆ, ಅಷ್ಟೇ. ಈ ಡಿಸ್ಕಿಗೆ ವಯಸ್ಸಾಗಿದೆ. ಎದ್ದು, ತಿರುಗಿ, ಬಂದೆ ಅನ್ನೋಷ್ಟರಲ್ಲಿ ಗೈರುಹಾಜರಿ ಬರ್ಕೊಂಡ್ಬಿಡುತ್ತೆ. ಎರಡನೇ ಸಾರಿ ಕೂಗೋವಾಗ ಅದು ಆಗ್ಲೇ ತಿರುಗ್ತಾ ಇರುತ್ತಲ್ಲ, ತಕ್ಷಣ ಓ ಅನ್ನುತ್ತೆ."

ಅದು ಹಳೇ ಕಾಲದ ಯಂತ್ರ. ಮೌಸ್ ಇದೆ, ಸಿ.ಡಿ. ಇದೆ ಎಂದು ಒಂದೊಂದನ್ನೂ ನಾವೇ ಪಟ್ಟಿಯಲ್ಲಿ ಬರೆದಿಡಬೇಕಿತ್ತು. ಒಂದು ಸಾಲು ಮರೆತರೆ ಆ ವಸ್ತು ಕಣ್ಣೆದುರಿಗಿದ್ದರೂ ಯಂತ್ರದ ಪಾಲಿಗಿಲ್ಲ. ಆ ವರ್ಷ ಬಂದ ಹೊಸ ಯಂತ್ರದ ರೀತಿಯೇ ಬೇರೆ. ಶುರುವಾಗುವಾಗ ತಾನೇ ಕಾರ್ಡ್ ಸಿಕ್ಕಿಸುವ ಒಂದೊಂದು ಸಂದಿಯ ಹತ್ತಿರವೂ ಹೋಗಿ ನೀನು ಯಾರು, ನಿನಗೇನು ಬೇಕು ಎಂದು ಕೇಳುತ್ತಿತ್ತು. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರದ ಹಾಗೆ ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರು ಕೊಡುತ್ತಿತ್ತು. ಹೊಸ ಕಾರ್ಡ್ ಸಿಕ್ಕಿಸಿದ್ದರೆ, ಹೊಸದೊಂದು ಸಿಕ್ಕಿದೆ ಎಂದು ಪರದೆಯ ಮೇಲೆ ಬರೆಯುತ್ತಿತ್ತು. ಅದನ್ನು ಓದಿ ನಮ್ಮ ಹುಡುಗಿಯರು ಮನೆಗೆ ನೆಂಟರು ಬಂದಷ್ಟು ಖುಷಿಪಡುತ್ತಿದ್ದರು.

ಅದರ ದಡ್ಡತನಕ್ಕೂ ಕೊರತೆ ಇರಲಿಲ್ಲ. ಕೀಬೋರ್ಡಿನ ವೈರು ಸಡಿಲವಾಗಿದ್ದರೆ, 'ಕೀಬೋರ್ಡ್ ಸಿಗಲಿಲ್ಲ, ಮುಂದುವರಿಯಲು ಕೀಲಿ ಒತ್ತಿ' ಎನ್ನುತ್ತಿತ್ತು. ಯಾವ ಕೀಲಿ ಒತ್ತೋಣ ತಾಯಿ ಎಂದು ನಾನು ಕೈಮುಗಿದರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೈದು ವರ್ಷ ಬಂಡೆ ಕೊರೆಯುವ ಯಂತ್ರ ಹಿಡಿದು ಅವನ ಕಿವಿ ಮಂದವಾಗಿತ್ತು. ಅಮ್ಮ ಊಟಕ್ಕೆ ಮೂರು ಸಲ ಕೂಗಿ, "ಬೇಕಾದ್ದು ಮಾತ್ರ ಕೇಳ್ಸತ್ತೆ ಇವ್ನಿಗೆ" ಎಂದು ಗೊಣಗುತ್ತಿದ್ದಳು. ಇನ್ನೊಂದು ಚಾಳಿ ಅಪ್ಪನಿಗಿತ್ತು. ಕೆಲವು ದಿನ ಬುತ್ತಿ ಹಿಡಿದು ನನ್ನ ಜೊತೆ ಪ್ಲಾಟ್‌ಫಾರಂವರೆಗೂ ಬರುವುದು, ಜನರನ್ನೆಲ್ಲ ಒಂದು ಸುತ್ತು ನೋಡುವುದು, "ಇವತ್ತು ನಾ ಓಗಲ್ಲ" ಎಂದು ಮನೆಗೆ ವಾಪಸ್ ಹೊರಡುವುದು. ಅಮ್ಮ ಮೈಗಳ್ಳ ಎಂದು ಬೈಯುತ್ತಿದ್ದಳು. ನಾನೂ ಅವನ ಬೆನ್ನ ಹಿಂದೆ ಅದೇ ಮಾತು ಅನ್ನುತ್ತಿದ್ದೆ, ಮೆಲ್ಲಗೇನಲ್ಲ.

ಆ ವರ್ಷ, ಕಿವಿ ಮಂದವಾದವರಿಗೆ ಗಣಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಇದೆ ಎಂದು ಕಾಗದ ಬಂತು. ಸೋಮವಾರ, ಮಂಗಳವಾರ ಎರಡೇ ದಿನ. ಕಿವುಡು ಖಾತ್ರಿಯಾದರೆ ನೆಲದ ಮೇಲಿನ ಕೆಲಸ, ಇಲ್ಲವಾದರೆ ಮತ್ತೆ ಒಳಗೇ. ಒಳಗೆ ಸಿಡಿಮದ್ದು ಹಾರಿಸುವ ಮುಂಚೆ ಸೀಟಿ ಊದುತ್ತಾರೆ. ಅದು ಕೇಳಿಸದವನ ಗತಿ ಏನು ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಸೋಮವಾರ ಸಂಜೆ ಅಪ್ಪ ಬರಿಗೈಯಲ್ಲಿ ಬಂದ.

"ನನ್ ಎಸ್ರು ಕೂಗ್ಲೇ ಇಲ್ಲ ಕಣಮ್ಮ."

"ಬೀಡಿ ಸೇದಕ್ಕೆ ಆಚೆ ಓಗಿರ್ತೀಯ," ಎಂದು ಸಿಡುಕಿದೆ.

"ಬೆಂಚ್ ಬಿಟ್ಟು ಎದ್ದಿಲ್ಲ ನಾನು."

ನಾನು ನಂಬಲಿಲ್ಲ. ಮಂಗಳವಾರ ಬೆಳಿಗ್ಗೆ ಅವನನ್ನು ಮತ್ತೆ ಆಸ್ಪತ್ರೆಗೆ ಕಳಿಸಿ ಕ್ಲಾಸಿಗೆ ಬಂದೆ. ಕಿಟಕಿ ಪಕ್ಕದ ಯಂತ್ರ ಎಂದಿನಂತೆ ಹಾರ್ಡ್ ಡಿಸ್ಕ್ ಸಿಗಲಿಲ್ಲ ಎಂದಿತು. ಹೊಡೆಯಲು ಕೈ ಎತ್ತಿದೆ. ಒಳಗೆ ಡಿಸ್ಕ್ ತಿರುಗುವ ಸದ್ದು. ಎತ್ತಿದ ಕೈ ಅಲ್ಲೇ ನಿಂತಿತು. ಬೆಂಚ್ ಬಿಟ್ಟು ಎದ್ದಿಲ್ಲ ಎಂದ ಅಪ್ಪನ ಮಾತು ನೆನಪಾಯಿತು. ಅಣ್ಣನಿಗೆ ಹೇಳಿ ಆಟೋ ಹತ್ತಿದೆ.

ಆಸ್ಪತ್ರೆಯ ಜಗಲಿಯ ಉದ್ದಕ್ಕೂ ಬೆಂಚುಗಳು, ತುಂಬ ಗಂಡಸರು. ಬಾಗಿಲಲ್ಲಿ ಒಬ್ಬ ಅಟೆಂಡರ್ ಪಟ್ಟಿ ಹಿಡಿದು ನಿಂತಿದ್ದ. ಒಂದು ಹೆಸರು ಕೂಗುತ್ತಾನೆ, ತಲೆ ಎತ್ತಿ ನೋಡುತ್ತಾನೆ, ಯಾರೂ ಏಳದಿದ್ದರೆ ಪೆನ್ಸಿಲಿನಲ್ಲಿ ಗೀಟು ಎಳೆದು ಮುಂದಿನ ಹೆಸರಿಗೆ ಹೋಗುತ್ತಾನೆ. ಕಿವಿ ಕೇಳಿಸದವರನ್ನು ಬಾಯಲ್ಲಿ ಕೂಗಿ ಕರೆಯುತ್ತಿದ್ದರು. ನಮ್ಮ ಕೀಬೋರ್ಡಿನ ಕಥೆ ನೆನಪಾಯಿತು, ನಗು ಬರಲಿಲ್ಲ.

"ಸಾರ್, ಇವ್ರಿಗೆ ಕಿವಿ ಕೇಳ್ಸಲ್ಲ ಅಂತಾನೇ ಅಲ್ವಾ ಕರ್ಸಿರೋದು?" ಎಂದೆ.

"ಎಲ್ರನ್ನೂ ಮೂರ್ ಮೂರ್ ಸಾರಿ ಕೂಗಿದ್ದೀನಮ್ಮ. ಇನ್ನೇನು ತಮಟೆ ಒಡೀಬೇಕಾ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಪಟ್ಟಿ ಈಚೆ ಕೊಡಿ ಎಂದೆ. ನನ್ನ ಮುಖದಲ್ಲಿ ಏನು ಕಂಡನೋ, ಕೊಟ್ಟ. ಮೊದಲನೇ ಬೆಂಚಿನಿಂದ ಶುರುಮಾಡಿದೆ. ಒಬ್ಬೊಬ್ಬರ ಭುಜ ಮುಟ್ಟುವುದು, ಅವರು ತಿರುಗಿದಾಗ ಪಟ್ಟಿ ತೋರಿಸಿ ನಿಮ್ಮದು ಯಾವುದು ಎಂದು ಕೈಸನ್ನೆ ಮಾಡುವುದು. ಓದು ಬಾರದವರು ಜೇಬಿನಿಂದ ಕಾಗದ ತೆಗೆದು ತೋರಿಸಿದರು. ಗೀಟು ಎಳೆದಿದ್ದ ಹೆಸರುಗಳವರು ಒಬ್ಬರ ಪಕ್ಕ ಒಬ್ಬರು ಅಲ್ಲೇ ಕೂತಿದ್ದರು, ಕೆಲವರು ಹಿಂದಿನ ದಿನವೂ ಹೀಗೇ ಕೂತು ಹೋಗಿದ್ದವರು. ಅಟೆಂಡರ್ ಕೆಟ್ಟವನಲ್ಲ. "ಅಯ್ಯೋ, ಇವ್ರೆಲ್ಲ ಇಲ್ಲೇ ಅವ್ರಾ," ಎನ್ನುತ್ತ ರಬ್ಬರ್ ಹುಡುಕಿಕೊಂಡು ಒಳಗೆ ಹೋದ.

ಕಡೆಯ ಬೆಂಚಿನಲ್ಲಿ ಅಪ್ಪ. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದ. ಭುಜ ಮುಟ್ಟಿದೆ. ಬೆಚ್ಚಿಬಿದ್ದು ತಿರುಗಿದ.

"ನೀನ್ಯಾಕ್ ಬಂದೆ? ಕ್ಲಾಸ್ ಇಲ್ವಾ?"

ಅವನನ್ನು ಮುಟ್ಟಿ ಮಾತಾಡಿಸಿ ಎಷ್ಟು ವರ್ಷವಾಗಿತ್ತೋ ನನಗೆ ನೆನಪಾಗಲಿಲ್ಲ. ಮನೆಯಲ್ಲೂ ನಾನು ಕರೆಯುತ್ತಿದ್ದದ್ದು ಬಾಗಿಲಲ್ಲಿ ನಿಂತೇ. ಬಹಳ ನಾಚಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮುಗಿಯಿತು. ಇನ್ನು ಒಳಗೆ ಇಳಿಸುವಂತಿಲ್ಲ, ಮೇಲಿನ ಕೆಲಸ ಕೊಡಿ ಎಂದು ಡಾಕ್ಟರು ಬರೆದುಕೊಟ್ಟರು. ರೈಲಿನಲ್ಲಿ ಅಪ್ಪ ಆ ಕಾಗದವನ್ನು ಮಡಿಸಿ ಬುತ್ತಿಯ ಚೀಲದಲ್ಲಿಟ್ಟುಕೊಂಡ. ನಾನು ಅವನ ಕಿವಿಯ ಹತ್ತಿರ ಬಾಗಿ ಕೇಳಿದೆ.

"ಸೀಟಿ ಯಾವಾಗಿಂದ ಕೇಳ್ಸಲ್ಲ?"

"ಮೂರು ವರ್ಸ ಆಯ್ತು."

"ಮತ್ತೆ ಒಳಗೆ ಏನ್ ಮಾಡ್ತಿದ್ದೆ?"

"ನನ್ ಜೊತೆಗಾರ ಇಲ್ವಾ, ನಮ್ ಸ್ಟೇಷನ್‌ನಲ್ಲೇ ರೈಲ್ ಅತ್ತೋನು. ಅವ್ನ ತಲೆ ಮೇಲಿನ ಲೈಟ್ ನೋಡ್ಕೊಂಡಿರ್ತಿದ್ದೆ. ಅವ್ನು ಓಡಿದ್ರೆ ನಾನೂ ಓಡ್ತಿದ್ದೆ."

"ಅವ್ನು ಬರ್ದೇ ಇದ್ದ ದಿನ?"

ಅಪ್ಪ ಕಿಟಕಿಯ ಆಚೆ ನೋಡಿದ.

"ಪ್ಲಾಟ್‌ಫಾರಂನಾಗೆ ಅವ್ನು ಕಾಣ್ದೇ ಇದ್ರೆ ಮನೇಗೆ ಬಂದ್ಬಿಡ್ತಿದ್ದೆ."

ಬೆನ್ನ ಹಿಂದೆ ನಾನು ಮೈಗಳ್ಳ ಅಂದದ್ದು ಅವನಿಗೆ ಕೇಳಿಸಿತ್ತೋ ಇಲ್ಲವೋ. ಅವನು ಇರುವವರೆಗೂ ಅದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.